ಇಂದಿನ ಧಮ್ಮ ಚಿಂತನೆ: ಲಗಾಮು ಹಿಡಿದ ಕೈ



ಬೆಳಗಿನ ವಂದನೆಯಲ್ಲಿ ಭಗವಾನರ ಗುಣಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುವಾಗ ನಾವೆಲ್ಲ ಒಂದೇ ಉಸಿರಿಗೆ ಓಡಿಸಿಬಿಡುವ ಪದವೊಂದಿದೆ: ಪುರಿಸದಮ್ಮಸಾರಥಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಇದನ್ನು ‘ಪುರಿಸಧಮ್ಮಸಾರಥಿ’ ಎಂದು ಒತ್ತಿ ಹೇಳುತ್ತಾರೆ. ಅಲ್ಲಿರುವುದು ಧಮ್ಮ ಅಲ್ಲ, ದಮ್ಮ. ದಮ್ಮ ಎಂದರೆ ಪಳಗಿಸಲು ಬರುವಂಥದ್ದು, ಕಲಿಸಿದರೆ ಕಲಿಯುವಂಥದ್ದು. ಸಾರಥಿ ಯಾರೆಂದು ಎಲ್ಲರಿಗೂ ಗೊತ್ತು, ಗಾಡಿಯ ಮುಂದೆ ಕೂತು ಲಗಾಮು ಹಿಡಿದವನು. ಪಾಳಿಯಲ್ಲಿ ಕುದುರೆ ಪಳಗಿಸುವವನನ್ನು ಅಸ್ಸದಮ್ಮಸಾರಥಿ ಎನ್ನುತ್ತಾರೆ. ಅಸ್ಸ ಎಂದರೆ ಅಶ್ವ. ಅಸ್ಸ ಇರುವ ಕಡೆ ಪುರಿಸ ಇಟ್ಟರೆ ನಮ್ಮ ಗುರುವಿನ ಬಿರುದಾಗುತ್ತದೆ. ಅಂದರೆ ದಿನಾ ಬೆಳಿಗ್ಗೆ ನಾವು ಬುದ್ಧರನ್ನು ಕರೆಯುತ್ತಿರುವುದು ಒಬ್ಬ ಕಸುಬುದಾರನ ಹೆಸರಿನಿಂದ. ಈ ಕಸುಬಿನ ವಿಷಯವನ್ನೇ ಇವತ್ತು ಸ್ವಲ್ಪ ನೋಡೋಣ.

ಅಂಗುತ್ತರ ನಿಕಾಯದ ನಾಲ್ಕರ ನಿಪಾತದಲ್ಲಿ ಕೇಸಿ ಸುತ್ತ ಎಂಬ ಸಣ್ಣ ಸುತ್ತವಿದೆ. ಕೇಸಿ ಎಂಬ ಕುದುರೆ ಪಳಗಿಸುವವನು ಬುದ್ಧರ ಬಳಿ ಬಂದು ಕೂರುತ್ತಾನೆ. ಬುದ್ಧರು ಅವನಿಗೆ ಉಪದೇಶ ಶುರುಮಾಡುವುದಿಲ್ಲ. ನಿನ್ನ ಕೆಲಸ ಹೇಗೆ ಮಾಡುತ್ತೀಯಪ್ಪ ಎಂದು ಅವನನ್ನೇ ಕೇಳುತ್ತಾರೆ. ಕೆಲವನ್ನು ಮೆತ್ತಗೆ, ಕೆಲವನ್ನು ಬಿರುಸಾಗಿ, ಕೆಲವನ್ನು ಎರಡೂ ಸೇರಿಸಿ ಪಳಗಿಸುತ್ತೇನೆ ಎಂದು ಅವನು ಹೇಳುತ್ತಾನೆ. ಯಾವುದಕ್ಕೂ ಬಗ್ಗದ ಕುದುರೆಯನ್ನು? ಕೊಂದುಬಿಡುತ್ತೇನೆ, ನನ್ನ ಗುರುಮನೆಗೆ ಕೆಟ್ಟ ಹೆಸರು ಬರಬಾರದಲ್ಲ ಎನ್ನುತ್ತಾನೆ. ಆಮೇಲೆ ಕೇಸಿಯೇ ತಿರುಗಿಸಿ ಕೇಳುತ್ತಾನೆ, ಮನುಷ್ಯರ ಸಾರಥಿ ಎನಿಸಿಕೊಂಡ ತಾವು ಹೇಗೆ ಮಾಡುತ್ತೀರಿ ಎಂದು. ಬುದ್ಧರ ಉತ್ತರವೂ ಅದೇ ಕ್ರಮದಲ್ಲಿದೆ: ಮೆತ್ತಗೆ, ಬಿರುಸಾಗಿ, ಎರಡೂ ಸೇರಿಸಿ.

ಆದರೆ ಅವರ ‘ಬಿರುಸು’ ಏನೆಂದು ಓದಿ ನೋಡಿ. ಅಲ್ಲಿ ಕೋಲು ಇಲ್ಲ, ಬೈಗುಳವಿಲ್ಲ. ಒಳ್ಳೆಯ ನಡತೆ ಇದು, ಅದರ ಫಲ ಇದು ಎಂದು ಹೇಳುವುದು ಮೆದು ದಾರಿ. ಕೆಟ್ಟ ನಡತೆ ಇದು, ಅದರ ಫಲ ಇದು ಎಂದು ಮುಚ್ಚುಮರೆ ಇಲ್ಲದೆ ಹೇಳುವುದು ಬಿರುಸು ದಾರಿ. ಅಷ್ಟೇ. ಹಾಗಾದರೆ ಬಗ್ಗದವನನ್ನು? ಕೊಲ್ಲುತ್ತೇನೆ ಎನ್ನುತ್ತಾರೆ ಬುದ್ಧರು! ಕೇಸಿ ಗಾಬರಿಯಾಗುತ್ತಾನೆ. ಅವನಿಗೆ ಬುದ್ಧರು ಬಿಡಿಸಿ ಹೇಳುತ್ತಾರೆ: ಇಂಥವನಿಗೆ ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ತಾವೂ ತಮ್ಮ ತಿಳಿದ ಭಿಕ್ಖುಗಳೂ ಮಾತು ನಿಲ್ಲಿಸಿದರೆ, ಈ ವಿನಯದಲ್ಲಿ ಅದೇ ಅವನ ಸಾವು.

ಇವತ್ತು ಈ ಸುತ್ತ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಹದಿನೈದು ದಿನದ ಹಿಂದೆ ನಮ್ಮ ಗುಂಪಿಗೆ ಬಂದ ಧ್ವನಿ ಸಂದೇಶವನ್ನು ಬಹಳ ಜನ ಕೇಳಿದ್ದೀರಿ. ಕೇಳದವರಿಗಾಗಿ ಹೇಳುತ್ತೇನೆ. ಕನಕಪುರದ ಕಡೆಯ ನಮ್ಮ ಒಬ್ಬ ತಮ್ಮ ಒಂದು ಹೆಣ್ಣು ಕುದುರೆ ಕೊಂಡಿದ್ದಾನೆ. ಸಿದ್ಧಾರ್ಥರ ಕುದುರೆಯ ಹೆಸರು ಎಂದು ಅದಕ್ಕೆ ಕಂಥಕ ಅಂತಲೇ ಹೆಸರಿಟ್ಟಿದ್ದಾನೆ. ಅವನದೇ ಮದುವೆ ಇದೆ. ಅವನ ಊರಿನಲ್ಲಿ ನಮ್ಮವರ ಮದುವೆ ಮೆರವಣಿಗೆ ಇವತ್ತಿಗೂ ಕೇರಿಯಿಂದ ಹೊರಟು ಬಳಸು ದಾರಿಯಲ್ಲಿ ಹೋಗಿ ಛತ್ರ ಸೇರುತ್ತದೆ. ದೊಡ್ಡ ಬೀದಿಯಲ್ಲಿ ಹೋಗಿದ್ದಿಲ್ಲ. ಇವನು ಆ ಬೀದಿಯಲ್ಲಿ ಕುದುರೆ ಮೇಲೆ ಹೋಗಬೇಕು ಅಂತಿದ್ದಾನೆ. ಅವನ ಸಂದೇಶ ಇಷ್ಟು: “ಅಣ್ಣ, ಈ ಕುದ್ರೆ ನಡೆಯಂಗಿಲ್ಲ ಕಣಣ್ಣ. ತಮಟೆ ಸದ್ದು ಕೇಳಿದ್ರೆ ಸಾಕು, ಎರಡು ಕಾಲ್ ಮೇಲೆ ನಿಂತ್ಕತದೆ. ಎಷ್ಟ್ ಹೊಡೆದ್ರೂ ಅಷ್ಟೇ. ಮದ್ವೆಗೆ ನಲವತ್ತು ದಿನ ಅದೆ. ಮಾರ್ಬಿಡ್ಲಾ?”

ಗುಂಪಿನಲ್ಲಿ ಉತ್ತರಗಳು ಸುರಿದವು. ಮಾಗಡಿಯ ಹಿರಿಯರೊಬ್ಬರು, ನಮಗೇಕಪ್ಪ ಈ ಪಾಳೇಗಾರರ ಶೋಕಿ, ಪಂಚಶೀಲ ಹೇಳಿ ಹಾರ ಬದಲಾಯಿಸಿ ಊಟ ಹಾಕಿದರೆ ಸಾಲದೇ ಎಂದರು. ರಾಮನಗರದ ಹುಡುಗರು, ಏರಲೇಬೇಕು, ಕುದುರೆ ಎರಡು ಕಾಲ ಮೇಲೆ ನಿಂತರೆ ಇನ್ನೂ ಚೆಂದ, ವಿಡಿಯೋ ಚೆನ್ನಾಗಿ ಬರುತ್ತೆ ಎಂದರು. ಚನ್ನಪಟ್ಟಣದಲ್ಲಿ ಆಟಿಕೆ ಮಾಡುವ ಕಡೆ ಮರದ ಕುದುರೆಗಳಿಗೆ ಅರಗಿನ ಬಣ್ಣ ಕೊಡುವ ಅಕ್ಕ ಒಬ್ಬರೇ ಕೇಳಿದ್ದು: ಆ ಕುದುರೆಗೆ ಏನಾಗಿದೆ ಅಂತ ಯಾರಾದರೂ ನೋಡಿದ್ರಾ?

ಮೊದಲು ಮಾಗಡಿಯ ಹಿರಿಯರಿಗೆ. ಶೋಕಿ ಬೇಡ ಎಂಬ ಮಾತು ಸರಿಯೇ. ಸಾಲ ಮಾಡಿ ಮದುವೆ ಮಾಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಕುದುರೆ ನಮಗೆ ಬರೀ ಶೋಕಿ ಅಲ್ಲ. ಮಾಗಡಿಯಿಂದ ಕುಣಿಗಲ್ ಎಷ್ಟು ದೂರ? ಟಿಪ್ಪುವಿನ ಕಾಲದಿಂದ ಅಲ್ಲಿ ಕುದುರೆ ಸಾಕುತ್ತಾ ಬಂದಿದ್ದಾರೆ. ಲಾಯ ಯಾರದೇ ಇರಲಿ, ಲದ್ದಿ ಬಾಚುವುದಕ್ಕೆ, ಹುಲ್ಲು ಹೊರುವುದಕ್ಕೆ ನಮಗೆ ಯಾರೂ ಅಡ್ಡ ಬಂದವರಲ್ಲ. ಬೆನ್ನು ಏರುವಾಗ ಮಾತ್ರ ಅಡ್ಡ. 2018ರ ಮಾರ್ಚ್‌ನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಸ್ವಂತ ಕುದುರೆ ಸಾಕಿ ಸವಾರಿ ಮಾಡುತ್ತಿದ್ದ 21 ವರ್ಷದ ದಲಿತ ಯುವಕನ ಕೊಲೆಯಾಯಿತು. ಕುದುರೆ ಏರಬೇಡ ಎಂದು ಅವನಿಗೆ ಬೆದರಿಕೆ ಇತ್ತೆಂದು ತಂದೆ ದೂರು ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್ ಜಿಲ್ಲೆಯಲ್ಲಿ ಒಬ್ಬ ವರ ತಿಂಗಳುಗಟ್ಟಲೆ ಹೋರಾಡಿ, ಹೈಕೋರ್ಟ್ ಬಾಗಿಲು ತಟ್ಟಿ, ಕೊನೆಗೆ ನೂರಾರು ಪೊಲೀಸರ ಕಾವಲಿನಲ್ಲಿ ಊರೊಳಗೆ ಕುದುರೆ ಗಾಡಿಯ ಮೆರವಣಿಗೆ ಮಾಡಿಕೊಂಡ. ಇದನ್ನೆಲ್ಲ ನೋಡಿಯೇ ಕಾನೂನಿನಲ್ಲೂ ಬರೆದಿದ್ದಾರೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಮದುವೆ ಮೆರವಣಿಗೆ ತೆಗೆಯುವುದಕ್ಕೆ, ಮೆರವಣಿಗೆಯಲ್ಲಿ ಕುದುರೆ ಏರುವುದಕ್ಕೆ ಅಡ್ಡಿ ಮಾಡುವುದು ಅಪರಾಧ ಎಂದು ಅದರಲ್ಲಿ ಕುದುರೆಯ ಹೆಸರೆತ್ತಿಯೇ ಇದೆ. ಬೌದ್ಧರಾದ ಮೇಲೆ ಈ ಕಾಯ್ದೆ ನಮಗೆ ಸಿಗುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. 1990ರಿಂದ ಬೌದ್ಧರೂ ಪರಿಶಿಷ್ಟ ಜಾತಿಯ ಪಟ್ಟಿಯೊಳಗೇ ಇದ್ದಾರೆ, ಹೆದರಬೇಡಿ.

ಹಾಗಾಗಿ ಏರುವ ಹಕ್ಕಿನ ಬಗ್ಗೆ ನನಗೆ ಅನುಮಾನವಿಲ್ಲ. ಏರುವ ರೀತಿಯ ಬಗ್ಗೆ ಮಾತಾಡಬೇಕಾಗಿದೆ. ಇಲ್ಲಿ ರಾಮನಗರದ ಹುಡುಗರು ಸ್ವಲ್ಪ ಕಿವಿಗೊಡಬೇಕು.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಎಲ್ಲರ ಮನೆಯಲ್ಲೂ ಇರಬೇಕಾದ ಪುಸ್ತಕ. ಗೋರೆಗಾಂವ್‌ಗೆ ಹೊರಟ ಮಕ್ಕಳ ಎತ್ತಿನ ಗಾಡಿಯ ಕತೆ ಎಲ್ಲರಿಗೂ ನೆನಪಿರುತ್ತದೆ. ಚಾಳೀಸ್‌ಗಾಂವ್‌ನ ಟಾಂಗಾ ಕತೆ ಅಷ್ಟು ನೆನಪಿರುವುದಿಲ್ಲ. ಅದು 1929. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬೈ ಸರ್ಕಾರ ನೇಮಿಸಿದ್ದ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರು. ಪ್ರವಾಸದಲ್ಲಿ ಚಾಳೀಸ್‌ಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿನ ಮಹಾರ್ ಜನ ಹಾರ ಹಾಕಿ ಬರಮಾಡಿಕೊಂಡರು. ಮಹಾರವಾಡ ಎರಡು ಮೈಲಿ, ನಡುವೆ ಒಂದು ಹೊಳೆ. ಸ್ಟೇಷನ್ ಮುಂದೆ ಬಾಡಿಗೆ ಟಾಂಗಾಗಳು ಸಾಲಾಗಿ ನಿಂತಿವೆ. ಆದರೂ ಯಾರೂ ಹೊರಡುತ್ತಿಲ್ಲ. ಏನು ನಡೆಯುತ್ತಿದೆ ಎಂದು ಬಾಬಾಸಾಹೇಬರಿಗೆ ಗೊತ್ತಿಲ್ಲ. ಸುಮಾರು ಒಂದು ಗಂಟೆ ಆದ ಮೇಲೆ ಒಂದು ಟಾಂಗಾ ಬಂತು. ಅದರಲ್ಲಿ ಅವರು, ಹೊಡೆಯುವವನು, ಇಬ್ಬರೇ. ಉಳಿದವರು ಒಳದಾರಿಯಲ್ಲಿ ನಡೆದುಹೋದರು.

ಇನ್ನೂರು ಹೆಜ್ಜೆ ಹೋಗುವುದರೊಳಗೆ ಎದುರಿನಿಂದ ಬಂದ ಮೋಟಾರಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು. ಪೊಲೀಸಿನವನು ಕೂಗಿದ್ದರಿಂದ ಉಳಿದರು. ಹೊಳೆಗೆ ಅಡ್ಡಲಾಗಿ ಗೋಡೆ ಇಲ್ಲದ ಸಣ್ಣ ಸೇತುವೆ, ಅಂಚಿಗೆ ಬಿಡಿಬಿಡಿಯಾಗಿ ನೆಟ್ಟ ಕಲ್ಲುಗಳು. ರಸ್ತೆಯಿಂದ ಸೇತುವೆಗೆ ಬಿರುಸಾದ ತಿರುವು. ಅಲ್ಲಿ ಕುದುರೆ ನೇರ ಹೋಗದೆ ಬೆದರಿ ತಿರುಗಿ ಓಡಿತು. ಚಕ್ರ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಎಗರಿ ಕಲ್ಲುಹಾಸಿನ ಮೇಲೆ ಬಿದ್ದು ಎಚ್ಚರ ತಪ್ಪಿದರು. ಕುದುರೆಯೂ ಗಾಡಿಯೂ ಹೊಳೆಗೆ ಹೋದವು. ಕಾಲಿನ ಮೂಳೆ ಮುರಿದು ಅವರು ಎಷ್ಟೋ ದಿನ ಏಳಲಾಗಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಟಾಂಗಾದವರು ಅಸ್ಪೃಶ್ಯನನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಬಾಬಾಸಾಹೇಬರು ನಡೆದು ಬರುವುದನ್ನು ನಮ್ಮ ಜನ ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ: ಗಾಡಿ ಬಾಡಿಗೆಗೆ ಕೊಡುತ್ತೇವೆ, ಹೊಡೆಯುವವನನ್ನು ನೀವೇ ನೋಡಿಕೊಳ್ಳಿ. ಅವರಲ್ಲಿ ಯಾರಿಗೂ ಕುದುರೆ ಹೊಡೆದು ಗೊತ್ತಿರಲಿಲ್ಲ, ಅದು ಅವರಿಗೆ ಬಂದ ಕಸುಬಲ್ಲ. ಇದರಲ್ಲೇನಿದೆ ಅಂದುಕೊಂಡು ಒಬ್ಬ ಲಗಾಮು ಹಿಡಿದ. ಹೊರಟ ಮೇಲೆ ತನ್ನ ಹೆಗಲ ಮೇಲಿರುವ ಜವಾಬ್ದಾರಿ ಅರಿವಾಗಿ ಕೈ ಕಾಲು ನಡುಗಿ, ಹಿಡಿತವನ್ನೇ ಬಿಟ್ಟುಬಿಟ್ಟ. ಇದನ್ನು ಬರೆಯುವಾಗ ಬಾಬಾಸಾಹೇಬರು ಟಾಂಗಾದವರ ಜಾತಿ ಗರ್ವವನ್ನು ಬಿಡುವುದಿಲ್ಲ. ಬ್ಯಾರಿಸ್ಟರ್ ಆದವನಿಗಿಂತಲೂ ಗಾಡಿ ಹೊಡೆಯುವವನು ತಾನೇ ಮೇಲು ಅಂದುಕೊಳ್ಳುವ ದೇಶ ಇದು ಎನ್ನುವುದನ್ನು ಹೇಳಿಯೇ ಹೇಳುತ್ತಾರೆ. ಆದರೆ ತಮ್ಮ ಜನರನ್ನೂ ಮೆಚ್ಚಿಸಲು ಹೋಗುವುದಿಲ್ಲ. ನನ್ನ ಘನತೆ ಉಳಿಸಲು ಹೋಗಿ ನನ್ನ ಜೀವವನ್ನೇ ಪಣಕ್ಕಿಟ್ಟರು ಎಂಬ ಅರ್ಥದ ಮಾತು ಬರೆದಿದ್ದಾರೆ. ಗಾಡಿಯಲ್ಲಿ ಕೂತವರ ಕ್ಷೇಮ ಮೊದಲು, ಘನತೆ ಆಮೇಲೆ ಎಂಬುದು ಅವರ ಲೆಕ್ಕ.

ಅಲ್ಲಿ ತಪ್ಪಿತಸ್ಥ ಕುದುರೆಯಂತೂ ಅಲ್ಲ. ಅವತ್ತು ಬದಲಾಗಿದ್ದದ್ದು ಲಗಾಮು ಹಿಡಿದ ಕೈ ಮಾತ್ರ.

ನಾನು ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ರಾಮನಗರ, ಚನ್ನಪಟ್ಟಣದಲ್ಲಿ ಇನ್ನೂ ಜಟಕಾ ಓಡುತ್ತಿದ್ದ ಕಾಲದಲ್ಲಿ ಕುದುರೆಗಳು ನಮ್ಮಲ್ಲಿಗೆ ಬರುತ್ತಿದ್ದವು: ಲಾಳ ಸವೆದು ಗೊರಸು ಒಡೆದದ್ದು, ಹೊಟ್ಟೆ ಶೂಲೆಯದ್ದು, ಹೆಗಲು ಹುಣ್ಣಾದದ್ದು. ಶೋಲೆ ಸಿನಿಮಾ ನೋಡಿದವರಿಗೆ ರಾಮನಗರದ ಬಂಡೆಗಳ ಮೇಲೆ ಟಾಂಗಾ ಹಾರಿದ್ದು ನೆನಪಿರಬಹುದು. ನನಗೆ ನೆನಪಾಗುವುದು ಆಸ್ಪತ್ರೆ ಕಂಬಕ್ಕೆ ಕಟ್ಟಿದ ಕುದುರೆಗಳ ಮಂಡಿ. ಚನ್ನಪಟ್ಟಣದ ಒಬ್ಬ ಮುದಿ ಜಟಕಾ ಸಾಹೇಬರು ಕುದುರೆಗೆ ಸೂಜಿ ಹಾಕುವ ಮೊದಲು ನನ್ನ ಕೈ ಹಿಡಿದು ನೋಡುತ್ತಿದ್ದರು. ಕೈ ತಣ್ಣಗಿದ್ದರೆ, ಬೆವರಿದ್ದರೆ, “ಸ್ವಲ್ಪ ಕೂತ್ಕೊಳ್ಳಿ ಸಾರ್, ಚಾ ಕುಡೀರಿ, ಆಮೇಲೆ” ಎನ್ನುತ್ತಿದ್ದರು. ಕುದುರೆಗೆ ಗೊತ್ತಾಗುತ್ತದೆ ಅನ್ನುವುದು ಅವರ ನಂಬಿಕೆ.

ಬಹಳ ವರ್ಷದ ಮೇಲೆ ಅದು ಬರೀ ನಂಬಿಕೆಯಲ್ಲ ಎಂದು ಓದಿದೆ. ಸ್ವೀಡನ್ ದೇಶದ ಸಂಶೋಧಕರು ಒಂದು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬರು ಒಂದು ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಬೇಕು. ನಾಲ್ಕನೆಯ ಸಲಕ್ಕೆ ಮೊದಲು ಅವರಿಗೆ ಮಾತ್ರ, ಈ ಸಲ ಪಕ್ಕದಲ್ಲಿ ಫಟ್ಟನೆ ಕೊಡೆ ಬಿಚ್ಚುತ್ತೇವೆ ಎಂದು ಹೇಳಿದರು. ಆದರೆ ಬಿಚ್ಚಲಿಲ್ಲ. ಆದರೂ ಆ ಮನುಷ್ಯರ ಎದೆಬಡಿತ ಏರಿತು. ಏನೂ ಗೊತ್ತಿಲ್ಲದ ಕುದುರೆಗಳ ಎದೆಬಡಿತವೂ ಅವರ ಜೊತೆಗೇ ಏರಿತು. ಕುದುರೆ ಬೇಟೆಯಾಡುವ ಪ್ರಾಣಿ ಅಲ್ಲ, ಬೇಟೆಗೆ ಸಿಗುವ ಪ್ರಾಣಿ. ಜೊತೆಯಲ್ಲಿರುವವನು ಹೆದರಿದರೆ ಹುಲಿ ಎಲ್ಲೋ ಇರಬೇಕು ಎಂದು ಅದರ ಮೈ ತಿಳಿಯುತ್ತದೆ.

ಕಳೆದ ಭಾನುವಾರ ನಾನು ಕನಕಪುರದ ಕಡೆ ಹೋಗಿ ಬಂದೆ. ಚನ್ನಪಟ್ಟಣದ ಅಕ್ಕನ ಪ್ರಶ್ನೆಗೆ ಉತ್ತರ ಬೇಕಿತ್ತಲ್ಲ. ಕಂದು ಬಣ್ಣದ ಹೆಣ್ಣು, ಹಲ್ಲು ನೋಡಿದರೆ ಏಳೆಂಟು ವರ್ಷ. ಬಾಯಿ ತೆರೆದು ನೋಡಿದೆ. ಕಡಿವಾಣಕ್ಕೆ ಮೊನೆಗಳಿದ್ದವು. ಮದುವೆಗೆ ಕುದುರೆ ಕುಣಿಸುವವರು ಹಾಕುವಂಥದ್ದು, ಕುದುರೆಯ ಜೊತೆಗೇ ಇವನಿಗೆ ಬಂದಿದೆ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗ ಇರುತ್ತದೆ, ಕಡಿವಾಣ ಕೂರುವುದು ಅಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳ್ಳಗಿನ ವಸಡು ಬಿಟ್ಟರೆ ಬೇರೇನಿಲ್ಲ. ಆ ಜಾಗ ಕೆಂಪಾಗಿ ಕೀವುಗಟ್ಟಿತ್ತು. ಬಾಯಿಯ ಕೊನೆ ಹರಿದಿತ್ತು. ಜೀನು ಕೂರುವ ಕಡೆ ಬೆನ್ನಿನ ಮೇಲೂ ಹುಣ್ಣು. ದಿನಾ ಹೊಟ್ಟೆ ತುಂಬ ಹುರುಳಿ ಬೇಯಿಸಿ ಹಾಕಿ ಕೊಟ್ಟಿಗೆಯಲ್ಲಿ ಕಟ್ಟಿಯೇ ಇಟ್ಟಿದ್ದಾನೆ. ಪ್ರೀತಿಯಿಂದಲೇ ಹಾಕಿದ್ದು, ಅನುಮಾನವಿಲ್ಲ. ಆದರೆ ಕೆಲಸವಿಲ್ಲದ ಕುದುರೆಗೆ ಅಷ್ಟು ಕಾಳು ಹಾಕಿದರೆ ಮೈಯಲ್ಲಿ ಬೆಂಕಿ ಹಚ್ಚಿದ ಹಾಗೆ. ಹೊಟ್ಟೆ ಕೆಟ್ಟರಂತೂ ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ, ಶೂಲೆ ಬಂದು ಸಾಯುತ್ತದೆ. ಹುಲ್ಲು ಸ್ವಲ್ಪ ಸ್ವಲ್ಪವಾಗಿ ಇಡೀ ದಿನ ತಿನ್ನುತ್ತಿರಬೇಕಾದ ಪ್ರಾಣಿ ಅದು.

ಬಂಧುಗಳೇ, ಈಗ ಯೋಚಿಸಿ. ತಮಟೆ ಸದ್ದಾದಾಗ ಕುದುರೆ ಬೆದರುತ್ತದೆ. ಇವನು ಲಗಾಮು ಎಳೆಯುತ್ತಾನೆ. ಮೊನೆ ಕೀವಿನೊಳಗೆ ಇಳಿಯುತ್ತದೆ. ಕುದುರೆ ತಲೆ ಎತ್ತಿ ಎರಡು ಕಾಲ ಮೇಲೆ ನಿಲ್ಲುತ್ತದೆ. ಇವನು ಚಾವಟಿಯಲ್ಲಿ ಬಾರಿಸುತ್ತಾನೆ. ಮುಂದಿನ ಸಲ ತಮಟೆ ಅಂದರೆ ಆ ಕುದುರೆಗೆ ಬರೀ ಸದ್ದಲ್ಲ, ಸದ್ದು ಜೊತೆಗೆ ಬಾಯಿ ನೋವು ಜೊತೆಗೆ ಹೊಡೆತ. ತಮಟೆಗೆ ಹೆದರುವುದನ್ನು ಅದಕ್ಕೆ ನಾವೇ ಕೂರಿಸಿ ಪಾಠ ಮಾಡಿದ ಹಾಗಾಯಿತು. ರಾಮನಗರದ ಹುಡುಗರು ವಿಡಿಯೋದಲ್ಲಿ ಕುಣಿತ ಅಂದುಕೊಳ್ಳುವುದು ಬಹಳ ಸಲ ಇದೇ ನೋವು. ಸವಾರಿಗಾಗಲಿ ಗಾಡಿಗಾಗಲಿ ಮೊನೆ ಇರುವ ಕಡಿವಾಣ ಹಾಕುವುದನ್ನು 1965ರ ಕೇಂದ್ರ ನಿಯಮ ನಿಷೇಧಿಸಿದೆ. ನಿಯಮ ಇರಲಿ ಬಿಡಿ, ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಜೀವಿಗಳ ಮೇಲೆ ದಯೆ ಇಡುತ್ತೇನೆ ಎಂಬುದೂ ಒಂದು. ನಮ್ಮ ಬೆನ್ನ ಮೇಲೆ ಬಿದ್ದ ಚಾವಟಿಯ ಕತೆ ಹೇಳುವ ನಾವು ಅದನ್ನೇ ಇನ್ನೊಂದು ಬೆನ್ನಿಗೆ ಎತ್ತಿದರೆ ದೊಡ್ಡ ಬೀದಿಯಲ್ಲಿ ಏನನ್ನು ಮೆರೆಸಿದ ಹಾಗಾಯಿತು?

ಇದನ್ನು ಆ ತಮ್ಮನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಡಿವಾಣ ಬಿಚ್ಚಿ ಕೊಟ್ಟಿಗೆಯ ಹಿಂದೆ ಎಸೆದ. ಬುದ್ಧರು ಹೇಳಿದ ಬಿರುಸು ದಾರಿ ಅಂದರೆ ಇಷ್ಟೇ ಇರಬೇಕು ಅನ್ನಿಸಿತು. ಕೆಟ್ಟದ್ದರ ಫಲ ಕಣ್ಣೆದುರಿಗೆ ತೋರಿಸಿದರೆ ದಮ್ಮನಾದವನಿಗೆ ಸಾಕು.

ಮಜ್ಝಿಮ ನಿಕಾಯದಲ್ಲಿ ಭದ್ದಾಲಿ ಸುತ್ತವೂ ಇದೆ. ದಿನಕ್ಕೆ ಒಂದೇ ಹೊತ್ತು ಊಟ ಎಂಬ ನಿಯಮ ತನ್ನಿಂದಾಗದು ಎಂದು ಹಟ ಹಿಡಿದ ಭದ್ದಾಲಿ ಎಂಬ ಭಿಕ್ಖುವಿಗೆ ಬುದ್ಧರು ಎಳೆಯ ಕುದುರೆಯ ಉದಾಹರಣೆ ಕೊಡುತ್ತಾರೆ. ಪಳಗಿಸುವವನು ಮೊದಲು ಕಡಿವಾಣ ಒಂದನ್ನೇ ಅಭ್ಯಾಸ ಮಾಡಿಸುತ್ತಾನೆ. ಕುದುರೆ ಕೊಸರಾಡುತ್ತದೆ, ಹೊರಳಾಡುತ್ತದೆ, ಯಾಕೆಂದರೆ ಹಿಂದೆಂದೂ ಮಾಡದ ಕೆಲಸ ಅದು. ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವಾಗಿ ಮಾಡುತ್ತಾ ಮಾಡುತ್ತಾ ಆ ಕೆಲಸದಲ್ಲಿ ಅದು ಶಾಂತವಾಗುತ್ತದೆ. ಅದಾದ ಮೇಲೆ ನೊಗ, ಅದಾದ ಮೇಲೆ ಹೆಜ್ಜೆ, ಓಟ. ಒಂದರಲ್ಲಿ ಶಾಂತವಾಗದೆ ಮುಂದಿನದಕ್ಕೆ ಹೋಗುವುದಿಲ್ಲ. ಆನಾಪಾನ ಧ್ಯಾನಕ್ಕೆ ಕೂತು ಎರಡನೇ ದಿನವೇ ಮನಸ್ಸು ನಿಲ್ಲುತ್ತಿಲ್ಲ ಎಂದು ದೂರುವವರು ಈ ಸುತ್ತವನ್ನು ಓದಬೇಕು.

ಹಾಗೆಯೇ ಶುರುಮಾಡಿದ್ದೇವೆ. ಹುಣ್ಣು ಮಾಯುವವರೆಗೆ ಜೀನು ಇಲ್ಲ, ಬಾಯೊಳಗೆ ಏನೂ ಇಲ್ಲ, ಮೂತಿಗೆ ಬರೀ ಹಗ್ಗದ ಕಟ್ಟು. ಹುಣ್ಣಿಗೆ ಔಷಧಿಯನ್ನು ಡಾಕ್ಟರಿಗೆ ತೋರಿಸಿಯೇ ಬರೆಸಿಕೊಂಡಿದ್ದಾನೆ. ಕುದುರೆಗೆ ಎರಡು ಪಕ್ಕವೂ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ಮುಂದೆ ಮಾತ್ರ ಕುರುಡು, ಆದ್ದರಿಂದ ಹೆಗಲ ಕಡೆಯಿಂದ ಮಾತಾಡಿಸುತ್ತಾ ಹತ್ತಿರ ಹೋಗಬೇಕು. ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆ, ನಿಲ್ಲು. ಅದು ನಿಂತ ಕ್ಷಣಕ್ಕೆ ಹಗ್ಗ ಸಡಿಲ ಬಿಡಬೇಕು. ಕುದುರೆ ಕಲಿಯುವುದು ಎಳೆತದಿಂದ ಅಲ್ಲ, ಸಡಿಲ ಬಿಟ್ಟದ್ದರಿಂದ. ನಮ್ಮ ಕೆಲವು ತಂದೆತಾಯಿಗಳಿಗೂ ಇದನ್ನು ಹೇಳಬೇಕಾಗಿದೆ, ಮಗು ಸರಿಯಾಗಿ ಮಾಡಿದ ಮೇಲೂ ಬೈಗುಳ ನಿಲ್ಲಿಸುವುದಿಲ್ಲ. ಮೊದಲ ದಿನ ಅರ್ಧ ಗಂಟೆ ಇಷ್ಟೇ. ಕೊನೆಗೆ ಕುದುರೆ ತಲೆ ಇಳಿಸಿ, ತುಟಿ ಚಪ್ಪರಿಸಿ, ಉದ್ದಕ್ಕೆ ಉಸಿರು ಬಿಟ್ಟಿತು. ಹುಡುಗನೂ ಬಿಟ್ಟ.

ತಮಟೆಯದ್ದು ಇನ್ನೊಂದು ಪಾಠ. ತಮಟೆ ಬಿಟ್ಟು ಮೆರವಣಿಗೆ ಮಾಡು ಅಂತ ಯಾರೋ ಸಲಹೆ ಕೊಟ್ಟಿದ್ದರು, ನಾನು ಒಪ್ಪಲಿಲ್ಲ. ಅದು ನಮ್ಮ ವಾದ್ಯ, ಕುದುರೆಯೇ ಕಲಿಯಲಿ. ದೂರದಲ್ಲಿ ಒಬ್ಬನೇ, ಬೆರಳಲ್ಲಿ ಮೆಲ್ಲಗೆ ಬಡಿಯಬೇಕು. ಕುದುರೆ ಕಿವಿ ನಿಮಿರಿಸಿದರೂ ಹುಲ್ಲು ತಿನ್ನುವುದನ್ನು ನಿಲ್ಲಿಸದಷ್ಟು ದೂರ. ತಿನ್ನುವುದು ನಿಲ್ಲಿಸಿದರೆ ಬಡಿಯುವವನು ಹಿಂದೆ ಹೋಗಬೇಕು, ಕುದುರೆಯನ್ನು ಮುಂದೆ ಎಳೆಯಬಾರದು. ನಾಳೆ ಎರಡು ಹೆಜ್ಜೆ ಹತ್ತಿರ. ಕಣ್ಣಿನ ಬಿಳಿ ಕಂಡರೆ, ಬಾಲ ಒತ್ತಿಕೊಂಡರೆ ಅವತ್ತಿಗೆ ಪಾಠ ಮುಗಿಯಿತು. ಪಟಾಕಿ ಮಾತ್ರ ಬೇಡವೇ ಬೇಡ ಎಂದು ಹುಡುಗನ ಸ್ನೇಹಿತರಿಂದ ಮಾತು ತೆಗೆದುಕೊಂಡಿದ್ದೇನೆ.

ಮದುವೆಯ ಹೊತ್ತಿಗೆ ಕುದುರೆ ತಯಾರಾಗದಿದ್ದರೆ? ಅವನ ತಾಯಿ ಕೇಳಿದ ಪ್ರಶ್ನೆ ಇದು. ಜನ ನಗುತ್ತಾರೆ ಎಂಬುದು ಅವನ ಚಿಂತೆ, ಮಗ ಬಿದ್ದರೆ ಎಂಬುದು ಅವರ ಚಿಂತೆ. ನಾನು ತಾಯಿಯ ಪಕ್ಷ. ಚಾಳೀಸ್‌ಗಾಂವ್‌ನ ಬಾಬಾಸಾಹೇಬರೂ ತಾಯಿಯ ಪಕ್ಷವೇ. ತಯಾರಾಗದಿದ್ದರೆ ವರ ನಡೆದೇ ಹೋಗಲಿ, ಕುದುರೆಯನ್ನು ಹಗ್ಗದಲ್ಲಿ ಪಕ್ಕಕ್ಕೆ ಹಿಡಿದುಕೊಂಡು ಹೋಗಲಿ, ಆದರೆ ದೊಡ್ಡ ಬೀದಿಯಲ್ಲೇ ಹೋಗಲಿ. ಬೀದಿಯನ್ನು ಬಿಡುವ ಮಾತಿಲ್ಲ. ಬೀದಿಯ ಜನರಿಗೆ ಬಿರುಸು ದಾರಿ ಬೇಕಾಗುತ್ತದೆ, ಅದಕ್ಕೂ ಕೋಲು ಬೇಡ. ಮೆರವಣಿಗೆಯ ದಿನ, ಸಮಯ, ದಾರಿ, ಕುದುರೆ ಎಲ್ಲವನ್ನೂ ಬರೆದು, ಕಾಯ್ದೆಯ ತಿದ್ದುಪಡಿಯನ್ನು ನಮೂದಿಸಿ, ಪೊಲೀಸ್ ಠಾಣೆಗೂ ತಹಶೀಲ್ದಾರರಿಗೂ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಊರಿನ ಕೆಲವು ಹಿರಿಯರ ಮನೆಗೆ ಹುಡುಗನ ತಂದೆಯೇ ಹೋಗಿ ಲಗ್ನಪತ್ರಿಕೆ ಕೊಟ್ಟು ಬಂದಿದ್ದಾರೆ. ಇಬ್ಬರು ತೆಗೆದುಕೊಂಡರು, ಒಬ್ಬರು ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆಯದವರ ಜೊತೆ ಜಗಳಕ್ಕೆ ಹೋಗಬೇಡಿ ಎಂದು ನಮ್ಮ ಹುಡುಗರಿಗೆ ಹೇಳಿದ್ದೇನೆ. ಸದ್ಯಕ್ಕೆ ಅವರ ಜೊತೆ ಮಾತಿಲ್ಲ, ಅಷ್ಟೇ. ಕೇಸಿಗೆ ಬುದ್ಧರು ಹೇಳಿದ್ದು ಅದೇ ಅಲ್ಲವೇ.

ಇನ್ನು, ಮಾರಿಬಿಡ್ಲಾ ಎಂದು ಕೇಳಿದವನು ಮೊನ್ನೆ ರಾತ್ರಿ ಇನ್ನೊಂದು ಸಂದೇಶ ಕಳಿಸಿದ್ದಾನೆ. ಕುದುರೆ ಅವನ ಭುಜದ ಮೇಲೆ ಮೂತಿ ಇಟ್ಟುಕೊಂಡು ನಿಂತಿದೆಯಂತೆ, ಅಲುಗಾಡಿದರೆ ಎಲ್ಲಿ ತೆಗೆದುಬಿಡುತ್ತದೋ ಎಂದು ಇವನೂ ನಿಂತೇ ಇದ್ದಾನಂತೆ.

ಈ ಭಾನುವಾರದ ಅಧ್ಯಯನ ಕನಕಪುರದ ಆ ತಮ್ಮನ ಹೊಲದಲ್ಲಿ, ಬೆಳಿಗ್ಗೆ 7ಕ್ಕೆ. ತ್ರಿಸರಣ ಪಂಚಶೀಲ ಆದ ಮೇಲೆ ಕೇಸಿ ಸುತ್ತ ಓದುತ್ತೇವೆ, ಎಲ್ಲರೂ ಒಮ್ಮೆ ಮನೆಯಲ್ಲಿ ಓದಿಕೊಂಡು ಬನ್ನಿ. ತಮಟೆ ತರುವವರು ಇಬ್ಬರೇ ಸಾಕು. ಮಾವಿನ ಮರದ ಆಚೆ ನಿಲ್ಲಬೇಕು, ನಾನು ಕೈ ಎತ್ತುವವರೆಗೆ ಬಡಿಯಬಾರದು. ಮಕ್ಕಳನ್ನು ಕರೆತನ್ನಿ, ಕುದುರೆಯ ಹಿಂದೆ ಓಡಾಡದ ಹಾಗೆ ನೋಡಿಕೊಳ್ಳಿ. ಗಜ್ಜರಿ ತರುವವರು ಉದ್ದಕ್ಕೆ ಹೆಚ್ಚಿಕೊಂಡು ತನ್ನಿ, ಗುಂಡಗೆ ಹೆಚ್ಚಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಾಗಡಿಯ ಹಿರಿಯರು ಬರುತ್ತೇನೆ ಎಂದಿದ್ದಾರೆ, ಅವರಿಗೊಂದು ಕುರ್ಚಿ ಹಾಕಿಸಿ.

ನಮೋ ಬುದ್ಧಾಯ. ಜೈ ಭೀಮ್.